ಕುರ್ಚಿ ಸಿಕ್ಕ ಮರುದಿನ

ನನ್ನ ಕಾದಂಬರಿಯ ಖಳನಾಯಕನಿಗೆ ಹೆಸರಿಲ್ಲ. ಎಲ್ಲರೂ ಅವನನ್ನು ಕಾರ್ಯದರ್ಶಿ ಅಂತಲೇ ಕರೆಯುತ್ತಾರೆ. ಒಂದು ಸಂಸ್ಥೆಯ ಕಚೇರಿ, ಹನ್ನೊಂದು ಜನ ನೌಕರರು, ಅವರ ಮೇಲೆ ಅವನು. ಅವನಿಗೆ ದುಡ್ಡಿನ ಆಸೆ ಇಲ್ಲ. ಯಾರ ಮೇಲೂ ಸೇಡಿಲ್ಲ. ಬೇಕಿರುವುದು ಅಧಿಕಾರ, ಅಷ್ಟೇ. ಇಂಥವನನ್ನು ಬರೆಯುವುದು ಸುಲಭ ಅಂದುಕೊಂಡು ಶುರು ಮಾಡಿದೆ. ಮೂರು ಸಲ ಬರೆಯಬೇಕಾಯಿತು.

ಮೊದಲ ಸಲ ಅವನಿಗೊಂದು ಬಾಲ್ಯ ಕೊಟ್ಟೆ. ಬಡತನ, ತರಗತಿಯಲ್ಲಿ ಆದ ಅವಮಾನ, ಅಪ್ಪನ ಹೊಡೆತ. ಓದಿದ ಗೆಳತಿ ಒಂದೇ ಮಾತು ಹೇಳಿದಳು: "ಪಾಪ ಅನ್ನಿಸಿತು." ಅಲ್ಲಿಗೆ ಎಲ್ಲ ಮುಗಿಯಿತು. ಗಾಯ ಇದ್ದವನಿಗೆ ಬೇಕಾಗುವುದು ಮದ್ದು. ಅವನು ಅಧಿಕಾರವನ್ನು ಮದ್ದಿನ ಹಾಗೆ ಕುಡಿಯುತ್ತಾನೆ. ನಾನು ಬರೆಯಹೊರಟವನು ಅವನಲ್ಲ.

ಎರಡನೇ ಸಲ ಬಾಲ್ಯವನ್ನು ಪೂರ್ತಿ ಕಿತ್ತುಹಾಕಿದೆ. ಆ ಜಾಗಕ್ಕೆ ಭಾಷಣ ಬಂದು ಕೂತಿತು. ಪುಟಕ್ಕೊಮ್ಮೆ ತಾನೆಷ್ಟು ದೊಡ್ಡವನು ಅಂತ ಹೇಳಿಕೊಂಡು ನಗುತ್ತಿದ್ದ. ರಟ್ಟಿನ ಗೊಂಬೆ. ಯಾರೂ ಹೆದರಲಿಲ್ಲ.

ದಾರಿ ತೋರಿಸಿದ್ದು ಭಸ್ಮಾಸುರ. ಚಿಕ್ಕಂದಿನಿಂದ ಗೊತ್ತಿರುವ ಕಥೆ, ಅಲ್ವಾ? ಯಾರ ತಲೆಯ ಮೇಲೆ ಕೈ ಇಟ್ಟರೂ ಅವರು ಬೂದಿಯಾಗಲಿ ಅಂತ ಶಿವನಿಂದ ವರ ಪಡೆದ. ಆಮೇಲೆ ಯಾವ ಶತ್ರುವನ್ನು ಹುಡುಕಿಕೊಂಡು ಹೋದ? ಯಾರನ್ನೂ ಇಲ್ಲ. ಎದುರಿಗೆ ನಿಂತಿದ್ದ ಶಿವನ ತಲೆಗೇ ಕೈ ಚಾಚಿದ. ಪಾರ್ವತಿಯ ಮೇಲಿನ ಆಸೆಯಿಂದ ಹಾಗೆ ಮಾಡಿದ ಅಂತಲೂ ಕೆಲವರು ಕಥೆ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ರೂಪ. ಕೊಟ್ಟ ವರ ನಿಜವೋ ಸುಳ್ಳೋ ನೋಡೋಣ ಅಂತ ಅವನು ಕೈ ಎತ್ತುತ್ತಾನೆ. ಆ ಶಕ್ತಿಯಿಂದ ಏನು ಮಾಡಬೇಕು ಅನ್ನುವ ಯೋಚನೆಯೇ ಅವನಿಗೆ ಇರಲಿಲ್ಲ. ಇದೆಯಾ ಇಲ್ಲವಾ ಅಂತ ನೋಡಬೇಕಿತ್ತು.

ಅವತ್ತು ನನ್ನ ನೋಟ್‌ಬುಕ್ಕಿನಲ್ಲಿ ಒಂದು ಪ್ರಶ್ನೆ ಬರೆದುಕೊಂಡೆ. ಕುರ್ಚಿ ಸಿಕ್ಕ ಮರುದಿನ ಬೆಳಿಗ್ಗೆ ಅವನು ಏನು ಮಾಡುತ್ತಾನೆ? ಸೇಡಿನವನಿಗೆ, ದುಡ್ಡಿನವನಿಗೆ ಮರುದಿನ ಕೈತುಂಬಾ ಕೆಲಸ ಇರುತ್ತದೆ. ಅಧಿಕಾರವೊಂದೇ ಬೇಕಿದ್ದವನಿಗೆ ಏನಿದೆ? ಪರೀಕ್ಷೆ ಮಾಡುವುದೊಂದೇ. ಅದೂ ದಿನಾ.

ಹೇಗೆ ಪರೀಕ್ಷಿಸುತ್ತಾನೆ ಅನ್ನುವುದಕ್ಕೆ ಉತ್ತರ ಸಿಕ್ಕಿದ್ದು ಜಾರ್ಜ್ ಆರ್ವೆಲ್‌ನ 1949ರ ಕಾದಂಬರಿ 'ನೈಂಟೀನ್ ಎಯ್ಟಿ ಫೋರ್'ನಲ್ಲಿ. ಅಲ್ಲಿ ಆಳುವ ಪಕ್ಷದ ಅಧಿಕಾರಿ ಓಬ್ರಿಯನ್ ತನ್ನ ಕೈದಿಗೆ ಚಿತ್ರಹಿಂಸೆ ಕೊಡುತ್ತಾ ನೇರವಾಗಿ ಹೇಳುತ್ತಾನೆ: ಪಕ್ಷಕ್ಕೆ ಅಧಿಕಾರ ಬೇಕಿರುವುದು ಅಧಿಕಾರಕ್ಕಾಗಿಯೇ. ಬರೀ ವಿಧೇಯತೆ ಅವನಿಗೆ ಸಾಲದು. ಎದುರಿನವನು ನೋಯದೆ ಇದ್ದರೆ, ಅವನು ನನ್ನ ಇಷ್ಟ ನಡೆಸುತ್ತಿದ್ದಾನೋ ತನ್ನ ಇಷ್ಟವನ್ನೋ, ಗೊತ್ತಾಗುವುದು ಹೇಗೆ ಅಂತ ಕೇಳುತ್ತಾನೆ. ಈ ಮಾತನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ನನ್ನ ಕಚೇರಿಯಲ್ಲಿ ಚಿತ್ರಹಿಂಸೆಯ ಕೋಣೆ ಇಲ್ಲ. ಆದರೆ ತರ್ಕ ಅದೇ. ಕಾರ್ಯದರ್ಶಿ ಒಳ್ಳೆಯ ಆದೇಶ ಕೊಟ್ಟರೆ ಜನ ಅದನ್ನು ಒಳ್ಳೆಯದು ಅಂತ ಪಾಲಿಸಬಹುದು. ಆಗ ಅವನಿಗೆ ಏನೂ ತಿಳಿಯುವುದಿಲ್ಲ. ಹಾಗಾಗಿ ಆದೇಶಕ್ಕೆ ಅರ್ಥವೇ ಇರಬಾರದು. ಇದು ಹೊಳೆದ ದಿನ ಮೂರನೇ ಬರಹ ಶುರುವಾಯಿತು.

ಅಧ್ಯಕ್ಷರನ್ನು ಮೂಲೆಗೆ ತಳ್ಳಿ ಎಲ್ಲ ಅಧಿಕಾರ ಕೈಗೆ ಬಂದ ಮರುದಿನ ಅವನು ಒಂದು ಬೀರು ಸರಿಸಲು ಹೇಳುತ್ತಾನೆ. ಕಿಟಕಿ ಪಕ್ಕದಿಂದ ಬಾಗಿಲ ಪಕ್ಕಕ್ಕೆ. ನಾಲ್ಕು ಜನ ಸೇರಿ ಸರಿಸುತ್ತಾರೆ. ವಾರ ಬಿಟ್ಟು ವಾಪಸ್ಸು ಸರಿಸಲು ಹೇಳುತ್ತಾನೆ. ದನಿ ಏರಿಸುವುದಿಲ್ಲ. "ದಯವಿಟ್ಟು" ಅಂತ ಕೂಡ ಸೇರಿಸುತ್ತಾನೆ. ಬೀರು ಎತ್ತುವವರ ಮುಖ ಮಾತ್ರ ನೋಡುತ್ತಾನೆ.

ಇಲ್ಲಿ ಇನ್ನೊಂದು ಬದಲಾವಣೆ ತಾನಾಗಿ ಬಂತು. ಕಥೆ ಹೇಳುವ ಕಣ್ಣು ಅವನದಾಗಿರಲಿಲ್ಲ, ಕಚೇರಿಯ ವಯಸ್ಸಾದ ಅಕೌಂಟೆಂಟ್‌ದಾಗಿತ್ತು. ಅಧಿಕಾರ ಕಾಣುವುದು ಅದನ್ನು ಹಿಡಿದವನ ಮೈಯಲ್ಲಿ ಅಂತ ನಾನು ಎರಡು ಸಲ ತಪ್ಪು ತಿಳಿದಿದ್ದೆ. ಅದು ಕಾಣುವುದು ಬಗ್ಗಿದವನ ಮೈಯಲ್ಲಿ. ಕಾರ್ಯದರ್ಶಿ ಬಾಗಿಲು ದಾಟುವಾಗ ಅಕೌಂಟೆಂಟ್ ಕೈಯಲ್ಲಿನ ಪೆನ್ನು ನಿಂತುಬಿಡುತ್ತದೆ. ಏಳಿ ಅಂತ ಯಾರೂ ಹೇಳದಿದ್ದರೂ ಹನ್ನೊಂದು ಕುರ್ಚಿಗಳ ಸದ್ದು ಒಟ್ಟಿಗೆ ಕೇಳುತ್ತದೆ. ಆ ಸಾಲು ಬರೆದಾಗ ನನಗೇ ಮೈ ಜುಮ್ಮೆಂದಿತು.

ಮಾತು ಕಡಿಮೆ ಮಾಡಿದ್ದಕ್ಕೆ ಇನ್ನೊಬ್ಬನ ಋಣ ಇದೆ. ಷೇಕ್ಸ್‌ಪಿಯರ್‌ನ 'ಒಥೆಲೊ' ನಾಟಕದ ಖಳನಾಯಕ ಇಯಾಗೊ ನಾಟಕದುದ್ದಕ್ಕೂ ಒಂದಾದ ಮೇಲೊಂದು ಕಾರಣ ಕೊಡುತ್ತಾನೆ. ಬಡ್ತಿ ತಪ್ಪಿತು, ಹೆಂಡತಿಯ ಮೇಲೆ ಅನುಮಾನ, ಇನ್ನೂ ಏನೇನೋ. ಯಾವುದೂ ಅವನು ಮಾಡಿದ ಕೇಡಿನಷ್ಟು ದೊಡ್ಡದಲ್ಲ. ಕೊನೆಗೆ ಸಿಕ್ಕಿಬಿದ್ದು ಯಾಕೆ ಮಾಡಿದೆ ಅಂತ ಕೇಳಿದಾಗ, ಇನ್ನು ಒಂದು ಮಾತೂ ಆಡುವುದಿಲ್ಲ ಅನ್ನುತ್ತಾನೆ. ಆ ಬಾಯಿಮುಚ್ಚುವಿಕೆ ಅವನ ಎಲ್ಲ ಮಾತಿಗಿಂತ ಜಾಸ್ತಿ ಹೆದರಿಸುತ್ತದೆ. ನಾನು ನನ್ನ ಕಾರ್ಯದರ್ಶಿಯ ಭಾಷಣಗಳನ್ನೆಲ್ಲ ಹೊಡೆದುಹಾಕಿದೆ. ಸುಮಾರು ನಲವತ್ತು ಪುಟ ಹೋದವು. ಒಂದು ಸಾಲಿಗೂ ಬೇಸರವಾಗಲಿಲ್ಲ.

ಕೊನೆ ಮಾತ್ರ ತುಂಬಾ ಕಾಡಿತು. ಮೊದಲು ಅವನನ್ನು ಸಾಯಿಸಿದ್ದೆ. ಆಮೇಲೆ ಜೈಲಿಗೆ ಕಳಿಸಿದೆ. ಎರಡೂ ಹೊರಗಿನಿಂದ ತಂದು ಹಚ್ಚಿದ ಹಾಗಿದ್ದವು. ಭಸ್ಮಾಸುರ ಸಾಯುವುದು ತನ್ನದೇ ಕೈಯಿಂದ. ನನ್ನವನ ಕೈ ಯಾವುದು ಅಂತ ತಿಂಗಳುಗಟ್ಟಲೆ ಯೋಚಿಸಿದೆ. ಅವನ ಕೈ ಅಂದರೆ ಆ ಅರ್ಥವಿಲ್ಲದ ಆದೇಶವೇ ತಾನೆ?

ಈಗಿರುವ ಕೊನೆಯ ದೃಶ್ಯ ಹೀಗಿದೆ. ಐದನೇ ಸಲ ಬೀರು ಸರಿಸಲು ಹೇಳುತ್ತಾನೆ. ನಾಲ್ವರು ಎತ್ತುತ್ತಾರೆ. ಬಾಗಿಲ ಹತ್ತಿರ ಬಂದಾಗ ಅಕೌಂಟೆಂಟ್ ತನ್ನ ಮೂಲೆಯನ್ನು ಮೆಲ್ಲಗೆ ಕೆಳಗಿಡುತ್ತಾರೆ. ಕೈ ಒರೆಸಿಕೊಳ್ಳುತ್ತಾರೆ.

"ಯಾಕೆ ಸಾರ್?"

ಸಿಟ್ಟಿಲ್ಲ, ಸವಾಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಾರೆ. ಕಾರ್ಯದರ್ಶಿಗೆ ಉತ್ತರ ಬರೆಯಲು ಒಂಬತ್ತು ಸಲ ಕೂತೆ. ಬೈಗುಳ ಬರೆದೆ, ನಗು ಬರೆದೆ, ಸುಳ್ಳು ಕಾರಣ ಬರೆದೆ. ಕೊನೆಗೆ ಆ ಸಾಲನ್ನು ಖಾಲಿ ಬಿಟ್ಟೆ. ಅವನು ಅವರ ಮುಖ ನೋಡುತ್ತಾನೆ. ಉಳಿದ ಮೂವರೂ ತಮ್ಮ ಮೂಲೆಗಳನ್ನು ಕೆಳಗಿಡುತ್ತಾರೆ. ಬೀರು ಬಾಗಿಲಿಗೆ ಅಡ್ಡವಾಗಿ ನಿಂತಿರುತ್ತದೆ. ಅವನು ಒಳಗೇ ಇರುತ್ತಾನೆ.