ತೀರದ ಸಾಲವಿದ್ದಾಗ ಅಮೆರಿಕದ ಸೆಕ್ಯುರಿಟಿ ಕ್ಲಿಯರೆನ್ಸ್‌ಗೆ ಅರ್ಜಿ ಹಾಕುವ ಮುನ್ನ

ಅಮೆರಿಕದ ಪೌರತ್ವ ಪಡೆದು ಅಲ್ಲಿನ ರಕ್ಷಣಾ ಇಲಾಖೆಯ ಗುತ್ತಿಗೆ ಕಂಪನಿಗಳಲ್ಲಿ ಕೆಲಸಕ್ಕೆ ಸೇರುವ ಕನ್ನಡಿಗರು ಕ್ಲಿಯರೆನ್ಸ್ (ಸರ್ಕಾರದ ಗೋಪ್ಯ ಮಾಹಿತಿ ನೋಡಲು ಬೇಕಾದ ಅನುಮತಿ) ಅರ್ಜಿಯಲ್ಲಿ ಊರಿನ ನೆಂಟರ ವಿವರ ಬರೆಯಲು ಅಂಜುತ್ತಾರೆ. ಸಾಲದ ಪ್ರಶ್ನೆಗಳಿರುವ ಪುಟವನ್ನು ಅಷ್ಟು ಗಮನವಿಟ್ಟು ಓದುವುದಿಲ್ಲ. ಆದರೆ ಹಣಕಾಸಿನ ಕಾರಣಕ್ಕೆ ಕ್ಲಿಯರೆನ್ಸ್ ಕೈತಪ್ಪುವುದು ಬಹಳ ಸಾಮಾನ್ಯ.

ಸಾಲದ ಬಗ್ಗೆ ಸರ್ಕಾರಕ್ಕಿರುವ ಈ ಎಚ್ಚರಿಕೆಗೆ ಹಿನ್ನೆಲೆಯಿದೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಲ್ಲಿದ್ದ ರೊನಾಲ್ಡ್ ಪೆಲ್ಟನ್ 1979ರಲ್ಲಿ ದಿವಾಳಿಯಾಗಿ ಕೆಲಸ ಬಿಟ್ಟು, ಮರುವರ್ಷ ಸೋವಿಯತ್ ರಾಯಭಾರ ಕಚೇರಿಗೆ ಹೋಗಿ ತನಗೆ ತಿಳಿದಿದ್ದ ಗುಟ್ಟುಗಳನ್ನು ಮಾರಿದ. ಸಾಲಗಾರರೆಲ್ಲ ಹೀಗೆ ಮಾಡುತ್ತಾರೆಂದು ಸರ್ಕಾರವೇನೂ ನಂಬಿಲ್ಲ. 2017ರ ಜೂನ್‌ನಿಂದ ಜಾರಿಯಲ್ಲಿರುವ, ಕ್ಲಿಯರೆನ್ಸ್ ಕೊಡಬೇಕೇ ಎಂದು ತೀರ್ಮಾನಿಸುವ ಮಾರ್ಗಸೂಚಿಯಲ್ಲಿ ಹಣಕಾಸಿಗೆ ಸಂಬಂಧಿಸಿದ 'ಎಫ್' ಭಾಗವು ಸಾಲಕ್ಕೆ ಇಂತಿಷ್ಟೇ ಡಾಲರ್ ಎಂಬ ಮಿತಿಯನ್ನೂ ಹಾಕಿಲ್ಲ. ಸಾಲ ಹೇಗೆ ಬಂತು, ಬಂದ ಮೇಲೆ ನೀವು ಏನು ಮಾಡಿದಿರಿ ಎಂಬುದರ ಮೇಲೆ ಅದು ನಿಮ್ಮ ವಿಶ್ವಾಸಾರ್ಹತೆಯನ್ನು ತೂಗುತ್ತದೆ.

ಅರ್ಜಿಯ ನಮೂನೆ ಎಸ್‌ಎಫ್-86. ಅದರ 26ನೆಯ ಭಾಗವು ಕಳೆದ 7 ವರ್ಷಗಳಲ್ಲಿ ದಿವಾಳಿ ಅರ್ಜಿ, ಸಲ್ಲಿಸದ ಅಥವಾ ಕಟ್ಟದ ತೆರಿಗೆ, ವಸೂಲಿ ಏಜೆನ್ಸಿಗೆ ಹೋದ ಬಿಲ್ಲು, 120 ದಿನ ಮೀರಿದ ಬಾಕಿ ಇತ್ತೇ ಎಂದು ಕೇಳುತ್ತದೆ. ಆಮೇಲೆ ತೀರಿಸಿದ್ದರೂ ಬರೆಯಲೇಬೇಕು. ಬೆಂಗಳೂರಿನ ಬ್ಯಾಂಕಿನಲ್ಲಿ ಓದಿಗೆಂದು ತೆಗೆದ ಸಾಲದ ಕಂತು ನಿಂತಿದ್ದರೆ, ಅದು ಅಮೆರಿಕದ ಕ್ರೆಡಿಟ್ ರಿಪೋರ್ಟಿನಲ್ಲಿ (ಸಾಲ ಮತ್ತು ಮರುಪಾವತಿಯ ದಾಖಲೆ) ಕಾಣದೆಂಬ ಧೈರ್ಯದಿಂದ ಬಿಟ್ಟುಬಿಡಬೇಡಿ. ಬಾಕಿಯನ್ನು ಕ್ಷಮಿಸುವ ಅಧಿಕಾರಿಯೂ ಬೇಕೆಂದೇ ಮುಚ್ಚಿಟ್ಟದ್ದನ್ನು ಕ್ಷಮಿಸುವುದು ಕಷ್ಟ, ಏಕೆಂದರೆ ಆಗ ಪ್ರಶ್ನೆ ಮಾರ್ಗಸೂಚಿಯ ನಡತೆಯ ಭಾಗಕ್ಕೆ ಹೋಗುತ್ತದೆ.

ಆದ್ದರಿಂದ ಅರ್ಜಿ ಮುಟ್ಟುವ ಮೊದಲು ಕ್ರೆಡಿಟ್ ರಿಪೋರ್ಟು ಕೊಡುವ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಸಂಸ್ಥೆಗಳು ಮೂರರಿಂದಲೂ ರಿಪೋರ್ಟು ತರಿಸಿ, ಸಾಲುಸಾಲಾಗಿ ಓದಿ. ಮನೆ ಬದಲಿಸಿದಾಗ ಹಳೆಯ ವಿಳಾಸಕ್ಕೆ ಹೋದ 640 ಡಾಲರಿನ ಆಸ್ಪತ್ರೆ ಬಿಲ್ಲೊಂದು ವಸೂಲಿಗೆ ಹೋಗಿದೆ ಎಂದುಕೊಳ್ಳಿ. ಅದು ನಿಮ್ಮದೇ ಆಗಿದ್ದರೆ ಏಜೆನ್ಸಿಯೊಡನೆ ಮಾತಾಡಿ ತಿಂಗಳಿಗೆ 80 ಡಾಲರಿನಂತೆ ಒಪ್ಪಂದ ಬರೆಸಿಕೊಳ್ಳಿ, ಕಟ್ಟಿದ ಪ್ರತಿ ಕಂತಿನ ರಸೀದಿಯನ್ನೂ ಒಪ್ಪಂದದ ಹಿಂದೆ ಪಿನ್ನು ಮಾಡಿಡಿ. ನಿಮ್ಮದಲ್ಲದಿದ್ದರೆ ಬರಹದಲ್ಲಿ ತಕರಾರು ಸಲ್ಲಿಸಿ, ಅದರ ಪ್ರತಿ ಉಳಿಸಿಕೊಳ್ಳಿ. ಏಳು ವರ್ಷವಾದರೆ ರಿಪೋರ್ಟಿನಿಂದ ತಾನೇ ಅಳಿಸಿಹೋಗುತ್ತದೆ ಎಂದು ಕಾದು ಕೂರುವುದನ್ನು ಸಾಲ ತೀರಿಸುವ ಪ್ರಾಮಾಣಿಕ ಪ್ರಯತ್ನವೆಂದು ಯಾರೂ ಎಣಿಸುವುದಿಲ್ಲ.

ಕೆಲಸ ಹೋದದ್ದು, ವಿಚ್ಛೇದನ, ಮನೆಯವರ ಸಾವು, ಅನಿರೀಕ್ಷಿತ ಕಾಯಿಲೆ, ನಿಮ್ಮ ಹೆಸರಿನಲ್ಲಿ ಬೇರೊಬ್ಬರು ಮಾಡಿದ ಮೋಸ ಇವೆಲ್ಲ ಮಾರ್ಗಸೂಚಿ ಒಪ್ಪುವ ಕಾರಣಗಳೇ; ಆದರೆ ಅದೇ ವಾಕ್ಯದಲ್ಲಿ, ಆ ಸಂಕಟದ ನಡುವೆಯೂ ನೀವು ಜವಾಬ್ದಾರಿಯಿಂದ ನಡೆದುಕೊಂಡಿರಬೇಕು ಎಂಬ ಷರತ್ತೂ ಇದೆ, ಬಹಳ ಜನ ಅರ್ಧ ವಾಕ್ಯವನ್ನಷ್ಟೇ ಓದುತ್ತಾರೆ. ಕೆಲಸ ಹೋದ ಪತ್ರದ ಜೊತೆಗೆ ಸಾಲ ಕೊಟ್ಟವರಿಗೆ ಆಗ ಬರೆದ ಇಮೇಲನ್ನೂ ಇಡಿ. ಲಾಭಕ್ಕಲ್ಲದೆ ನಡೆಯುವ ನಂಬಲರ್ಹ ಸಾಲ ಸಲಹಾ ಸಂಸ್ಥೆಯ ಮೊರೆ ಹೋದದ್ದೂ ನಿಮ್ಮ ಪರವಾಗಿ ನಿಲ್ಲುತ್ತದೆ. ತೆರಿಗೆ ಬಾಕಿಯಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಂಡು, ತೆರಿಗೆ ಇಲಾಖೆಯೊಡನೆ ಕಂತಿನ ವ್ಯವಸ್ಥೆ ಮಾಡಿಕೊಂಡು ಅದನ್ನು ತಪ್ಪದೆ ಪಾಲಿಸುವುದು ಒಳ್ಳೆಯದು.

ಇಷ್ಟಾದರೂ ಅಧಿಕಾರಿಗಳಿಗೆ ಸಮಾಧಾನವಾಗದಿದ್ದರೆ ಆಕ್ಷೇಪಗಳನ್ನು ಪಟ್ಟಿ ಮಾಡಿದ ಕಾರಣಪತ್ರ ಬರುತ್ತದೆ. ಗುತ್ತಿಗೆ ಕಂಪನಿಯ ನೌಕರರು ಅದು ಕೈಸೇರಿದ 20 ದಿನಗಳೊಳಗೆ ಉತ್ತರಿಸಬೇಕು. 'ಇವೆಲ್ಲ ಸುಳ್ಳು' ಎಂದು ಒಟ್ಟಾಗಿ ಬರೆದರೆ ಸಾಲದು. ಒಂದೊಂದು ಆಕ್ಷೇಪಕ್ಕೂ ಒಪ್ಪುತ್ತೇನೆ ಅಥವಾ ಅಲ್ಲಗಳೆಯುತ್ತೇನೆ ಎಂದು ಬಿಡಿಬಿಡಿಯಾಗಿ ಬರೆದು ದಾಖಲೆ ಲಗತ್ತಿಸಬೇಕು. ನ್ಯಾಯಾಧೀಶರ ಮುಂದೆ ವಿಚಾರಣೆ ಬೇಕೇ, ಬರಹದ ಮೇಲೆಯೇ ತೀರ್ಮಾನ ಸಾಕೇ ಎಂಬುದನ್ನೂ ಆಗಲೇ ತಿಳಿಸಬೇಕು. ನನ್ನ ಮಟ್ಟಿಗೆ ವಿಚಾರಣೆಯೇ ಮೇಲು, ಕಾಗದ ಹೇಳಲಾರದ್ದನ್ನು ಅಲ್ಲಿ ಬಾಯಿಬಿಟ್ಟು ಹೇಳಬಹುದು.

ಕ್ಲಿಯರೆನ್ಸ್ ಸಿಕ್ಕ ಮೇಲೂ ನಿಗಾ ಮುಂದುವರಿಯುತ್ತದೆ. ಈಗ ನಿರಂತರ ಪರಿಶೀಲನೆಯ ಕ್ರಮವಿರುವುದರಿಂದ ಹೊಸ ಬಾಕಿಯೊಂದು ಮುಂದಿನ ಮರುತನಿಖೆಯವರೆಗೆ ಕಾಯದೆ ಅಧಿಕಾರಿಗಳ ಕಣ್ಣಿಗೆ ಬೀಳಬಹುದು. ಕಂತು ತಪ್ಪುವ ಸೂಚನೆ ಸಿಕ್ಕೊಡನೆ ಕಂಪನಿಯ ಭದ್ರತಾ ಅಧಿಕಾರಿಗೆ ನೀವೇ ಮೊದಲು ಬರಹದಲ್ಲಿ ತಿಳಿಸಿ.