ಚಕ್ಕರ್ ಹೊಡೆದ ಹುಡುಗ, ನನ್ನ ಕ್ಯಾಲೆಂಡರು

ತೀರ್ಥಹಳ್ಳಿ ಹತ್ತಿರದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರ್. ವಯಸ್ಸು 46. ಮೂರು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಸುಮ್ನೆ ಒಂದು ರಕ್ತ ಪರೀಕ್ಷೆ ಮಾಡಿಸಿದೆ. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರವರೆಗೆ ಬಾರ್ಡರ್. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. "ಮಾತ್ರೆ ಈಗಲೇ ಬೇಡ, ನಡೀರಿ, ಸಿಹಿ ಕಮ್ಮಿ ಮಾಡಿ" ಅಂದರು ಡಾಕ್ಟರು. ಅಮ್ಮನ ಇನ್ಸುಲಿನ್ ಸೂಜಿಗಳನ್ನು ನೋಡಿಕೊಂಡೇ ಬೆಳೆದವಳು ನಾನು. ಹೆದರಿಬಿಟ್ಟೆ.

ಹೆದರಿಕೆಯಲ್ಲಿ ಶುರು ಮಾಡಿದ್ದು ಅತಿಯಾಯಿತು. ಬೆಳಗ್ಗೆ ಐದಕ್ಕೆ ಎದ್ದು ಒಂದು ಗಂಟೆ ನಡಿಗೆ. ಅನ್ನ ಬಂದ್, ಟೀಗೆ ಸಕ್ಕರೆ ಬಂದ್, ರಾತ್ರಿ ಮೊಬೈಲ್ ಬಂದ್. ಎಲ್ಲವೂ ಒಂದೇ ಸೋಮವಾರದಿಂದ! ಮಗ ಫೋನಿನಲ್ಲಿ ಹೆಜ್ಜೆ ಎಣಿಸುವ ಆ್ಯಪ್ ಹಾಕಿಕೊಟ್ಟ, ದಿನಕ್ಕೆ 10,000 ಗುರಿ. (ಈ ಹತ್ತು ಸಾವಿರ ಯಾವ ಡಾಕ್ಟರೂ ಲೆಕ್ಕ ಹಾಕಿ ಕೊಟ್ಟಿದ್ದಲ್ಲವಂತೆ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು. ಮೊದಲೇ ಗೊತ್ತಿದ್ದರೆ ಅಷ್ಟು ಒದ್ದಾಡುತ್ತಿರಲಿಲ್ಲ.) ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಡೆದ ದಿನಕ್ಕೆ ನೀಲಿ ರೈಟು, ತಪ್ಪಿದ ದಿನಕ್ಕೆ ಕೆಂಪು ಇಂಟು. ಟೀಚರ್ ಬುದ್ಧಿ ಎಲ್ಲಿಗೆ ಹೋಗುತ್ತೆ?

ಹತ್ತೊಂಬತ್ತು ದಿನ ನೀಲಿಯೇ ಇತ್ತು. ಆಮೇಲೆ ಆರಿದ್ರಾ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಹಿಡಿದರೆ ಗೊತ್ತಲ್ಲ, ಕೊಡೆ ಉಲ್ಟಾ ಆಗುತ್ತೆ, ರಸ್ತೆ ಹಳ್ಳವಾಗುತ್ತೆ. ನಾಲ್ಕು ಕೆಂಪು ಇಂಟು ಬಿತ್ತು. ಐದನೇ ದಿನ ಕ್ಯಾಲೆಂಡರ್ ಕಡೆ ನೋಡಲಿಲ್ಲ. ಒಂದು ವಾರಕ್ಕೆ ಅದೇ ಮೊಳೆಗೆ ಬಟ್ಟೆ ಚೀಲ ನೇತುಹಾಕಿದೆ, ಕಾಣದಿರಲಿ ಅಂತ. "ನಿನ್ನ ಹಣೆಬರಹ ಇಷ್ಟೇ, ಯಾವುದನ್ನು ನೆಟ್ಟಗೆ ಮಾಡಿದ್ದೀಯ?" ಅಂತ ನನಗೆ ನಾನೇ ಬೈದುಕೊಂಡು, ಆ ಬೇಜಾರಿಗೆ ಸಂಜೆ ಹಲಸಿನ ಹಪ್ಪಳ ಕರಿದುಕೊಂಡು ತಿನ್ನುತ್ತಿದ್ದೆ. ಟೀಗೆ ಸಕ್ಕರೆ ಬಡ್ಡಿ ಸಮೇತ ವಾಪಸ್ ಬಂತು. ಮಳೆ ನಡುನಡುವೆ ಬಿಡುವು ಕೊಡುತ್ತಲೇ ಇತ್ತು, ನಾನೇ ಹೊರಡಲಿಲ್ಲ. ಹೀಗೆ 40 ದಿನಕ್ಕೂ ಜಾಸ್ತಿ ಕಳೆಯಿತು.

ಆಗಸ್ಟ್ ಮೊದಲ ವಾರ. ಗದ್ದೆಗಳಲ್ಲಿ ನಟ್ಟಿ ಕೆಲಸ ನಡೆಯುತ್ತಿತ್ತು. ಐದನೇ ಕ್ಲಾಸಿನ ಒಬ್ಬ ಹುಡುಗ ಮೂರು ದಿನ ಚಕ್ಕರ್ ಹೊಡೆದಿದ್ದ. ನಾಲ್ಕನೇ ದಿನ ಬೆಲ್ ಆದ ಮೇಲೆ ಬಂದ. ಬಾಗಿಲ ಹತ್ತಿರ ನಿಂತಿದ್ದಾನೆ, ಒಳಗೂ ಬರುತ್ತಿಲ್ಲ, ವಾಪಸೂ ಹೋಗುತ್ತಿಲ್ಲ. ಕೊಡೆಯಿಂದ ನೀರು ತೊಟ್ಟಿಕ್ಕಿ ಕಾಲ ಬಳಿ ಸಣ್ಣ ಮಡು ಆಗಿತ್ತು. ಅವನು ಅದನ್ನೇ ನೋಡುತ್ತಿದ್ದ.

ಇಪ್ಪತ್ತು ವರ್ಷದ ಕೆಲಸ ಒಂದು ವಿಷಯ ಕಲಿಸಿದೆ. ಚಕ್ಕರ್ ಹೊಡೆದವನು ಬಂದ ದಿನವೇ ಬೈದರೆ ಮಾರನೇ ದಿನ ಅವನು ಬರಲ್ಲ. ತಪ್ಪಿಸಿಕೊಂಡ ಪಾಠ ಅಷ್ಟನ್ನೂ ಈಗಲೇ ಬರಿ ಅಂದರೂ ಬರಲ್ಲ. ಹಾಗಂತ "ಪರವಾಗಿಲ್ಲ, ಹೋಗಿ ಆಡ್ಕೋ" ಅಂತ ಬಿಡುವುದೂ ಇಲ್ಲ. ನಾನು ಹೇಳಿದ್ದು ಇಷ್ಟೇ: "ಬಾರೋ, ಕೂತ್ಕೋ, ಪುಟ 34 ತೆಗಿ." ಕೂತ. ತೆಗೆದ.

ಆವತ್ತು ಸಂಜೆ ಮನೆಯಲ್ಲಿ ಚೀಲ ತೆಗೆಯಲು ಹೋದಾಗ ಅದರ ಹಿಂದೆ ಕ್ಯಾಲೆಂಡರ್ ಕಂಡಿತು, ಇನ್ನೂ ಜೂನ್ ತಿಂಗಳಲ್ಲೇ ಇತ್ತು. ನಗು ಬಂತು. ಊರ ಮಕ್ಕಳಿಗೆಲ್ಲ "ಬಾ, ಕೂತ್ಕೋ" ಅನ್ನುವ ಟೀಚರಮ್ಮ, ತನಗೆ ಮಾತ್ರ ಬೆತ್ತ ಹಿಡಿದುಕೊಂಡು ನಿಂತಿದ್ದಳು.

ಕೆಂಪು ಪೆನ್ನು ಎತ್ತಿಟ್ಟೆ. ತಪ್ಪಿದ ದಿನ ಖಾಲಿ ಇರಲಿ. ಬಿಟ್ಟು ಮತ್ತೆ ಬಂದ ದಿನಕ್ಕೆ ಮಾತ್ರ ಒಂದು ಸೊನ್ನೆ ಸುತ್ತುವುದು ಅಂತ ಮಾಡಿಕೊಂಡೆ. ಮೊದಲು "ಸತತ ಎಷ್ಟು ದಿನ" ಅಂತ ಎಣಿಸುತ್ತಿದ್ದೆ. ಈಗ ಎಣಿಸುವುದು ಪ್ರತಿ ಸೊನ್ನೆಗೆ ಮುಂಚಿನ ಖಾಲಿ ಜಾಗ ಎಷ್ಟು ದಿನದ್ದು ಅಂತ. ಮೊದಲ ಸಲ 40 ದಾಟಿತ್ತು. ಆ ದೀಪಾವಳಿಗೆ 11 ಆಯಿತು. ಈಗ ಹೆಚ್ಚಿನ ಸಲ ಮೂರು ನಾಲ್ಕು.

ಬೆಳಗಿನ ಒಂದು ಗಂಟೆ ಬಿಟ್ಟೆ. ಐದಕ್ಕೆ ಏಳುವುದು ನನ್ನ ಜಾಯಮಾನ ಅಲ್ಲ. ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಹತ್ತು ನಿಮಿಷ ನಡಿಗೆ. ಊಟವಾದ ಮೇಲೆ ನಡೆದರೆ ರಕ್ತಕ್ಕೆ ಬಂದ ಸಕ್ಕರೆಯನ್ನು ಕಾಲಿನ ಸ್ನಾಯುಗಳು ಎಳೆದುಕೊಳ್ಳುತ್ತವೆ, ಹಾಗಾಗಿ ನನ್ನಂಥವರಿಗೆ ಅದೇ ಒಳ್ಳೆಯ ಹೊತ್ತು. ತಟ್ಟೆ ತೊಳೆಯುವುದಂತೂ ತಪ್ಪಲ್ಲ, ಅಲ್ವಾ? ಹತ್ತು ಇಪ್ಪತ್ತಾಗಲು ಐದಾರು ತಿಂಗಳು ಬೇಕಾಯಿತು. ಬಾಕಿ ತೀರಿಸುವುದನ್ನೂ ಬಿಟ್ಟೆ. ಒಮ್ಮೆ ವಾರದ ಬಾಕಿ ಅಂತ ಭಾನುವಾರ ತುಂಗಾ ಸೇತುವೆ ಕಡೆ ಎರಡು ಗಂಟೆ ನಡೆದು, ಮಂಡಿ ಹಿಡಿದುಕೊಂಡು ನಾಲ್ಕು ದಿನ ಕೂತಿದ್ದೆ.

ಆಮೇಲೆ ಓದಿದ್ದು: ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರ ಮೇಲೆ ಒಂದು ಅಧ್ಯಯನ ಮಾಡಿದ್ದರು, 2010ರಲ್ಲಿ ಪ್ರಕಟವಾಯಿತು. ಅಭ್ಯಾಸ ಮೈಗೂಡಲು ಸುಮಾರು 66 ದಿನ. ಆದರೆ ಒಬ್ಬರಿಗೆ 18, ಇನ್ನೊಬ್ಬರಿಗೆ ಅವರ ಲೆಕ್ಕದ ಪ್ರಕಾರ 254. 21 ದಿನಕ್ಕೆ ಆಗಿಬಿಡುತ್ತೆ ಅನ್ನುವುದೆಲ್ಲ ಸುಮ್ನೆ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ ಅಂತಲೂ ಅವರು ಬರೆದಿದ್ದಾರೆ. ನನ್ನ ಆ ನಾಲ್ಕು ಇಂಟು ನೆನಪಾಯಿತು. ಕೆಟ್ಟಿದ್ದು ಆ ನಾಲ್ಕು ದಿನದಿಂದಲ್ಲ, ಚೀಲ ಮುಚ್ಚಿದ ಮೇಲಿನ ದಿನಗಳಿಂದ.

ಟೀ ವಿಷಯ ಜಾಸ್ತಿ ಹೇಳುವುದಿಲ್ಲ. ಎರಡು ಚಮಚ ಸಕ್ಕರೆ ಒಂದೂವರೆ ಆಯಿತು, ಒಂದಾಯಿತು, ಅಲ್ಲೇ ನಿಂತಿದೆ. ಮದುವೆಮನೆಯಲ್ಲಿ ಹೋಳಿಗೆ ತುಪ್ಪ ಹಾಕಿಕೊಂಡೇ ತಿನ್ನುತ್ತೇನೆ.

ಎಚ್‌ಬಿಎ1ಸಿ ಒಂದು ವರ್ಷಕ್ಕೆ 5.8ಕ್ಕೆ ಇಳಿಯಿತು. ಅಮ್ಮ ತೀರಿಕೊಂಡ ವರ್ಷ ಮತ್ತೆ 6ಕ್ಕೆ ಹೋಯಿತು. ಆಗ ಕ್ಯಾಲೆಂಡರಿನಲ್ಲಿ 23 ದಿನ ಖಾಲಿ. ವೈಕುಂಠ ಸಮಾರಾಧನೆ ಮುಗಿದು, ನೆಂಟರೆಲ್ಲ ಹೋದ ಮೇಲೆ ಒಂದು ರಾತ್ರಿ ತಟ್ಟೆ ತೊಳೆದಿಟ್ಟು ಸುಮ್ಮನೆ ಅಂಗಳಕ್ಕೆ ಇಳಿದೆ. ಅಮ್ಮನನ್ನು ನೆನೆಯುತ್ತಾ ನಡೆದೆ. ಆ ದಿನದ ಸೊನ್ನೆ ಉಳಿದವಕ್ಕಿಂತ ಸ್ವಲ್ಪ ದೊಡ್ಡದಿದೆ. ಈ ವರ್ಷ 5.9.

ಮೊನ್ನೆ ಆರಿದ್ರಾ ಶುರುವಾದಾಗ ಮತ್ತೆ ಮೂರು ದಿನ ಖಾಲಿ ಬಿತ್ತು. ನಾಲ್ಕನೇ ರಾತ್ರಿ ಜಗಲಿಯಲ್ಲೇ ನಡೆದೆ. ಆ ತುದಿಯಿಂದ ಈ ತುದಿಗೆ ಹದಿನಾಲ್ಕು ಹೆಜ್ಜೆ. "ಏನೇ ಇದು, ಗಾಣದ ಎತ್ತಿನ ಹಾಗೆ?" ಅಂದರು ಯಜಮಾನರು. ಸ್ವಲ್ಪ ಹೊತ್ತು ನೋಡಿ, ದಾರಿಗೆ ಅಡ್ಡವಿದ್ದ ತಮ್ಮ ಕುರ್ಚಿಯನ್ನು ಗೋಡೆ ಪಕ್ಕಕ್ಕೆ ಎಳೆದುಕೊಂಡರು.