ಜರ್ಮನಿಗೆ ಹೊರಟವರಿಗೆ: ವಿಳಾಸ, ವಿಮೆ ಮತ್ತು ಅಂಚೆಪೆಟ್ಟಿಗೆಯ ಮೇಲಿನ ಹೆಸರು

ರಜೆಗೆ ದಾವಣಗೆರೆಗೆ ಬಂದಾಗಲೆಲ್ಲ ನಮ್ಮ ಓಣಿಯ ಒಬ್ಬಿಬ್ಬರು ತಂದೆ ತಾಯಂದಿರು ಮಗನನ್ನೋ ಮಗಳನ್ನೋ ಕರೆದುಕೊಂಡು ಮನೆಗೆ ಬರುತ್ತಾರೆ. ಅವರು ಕೇಳುವುದು ಬಹುಪಾಲು ಎರಡೇ ಪ್ರಶ್ನೆ. ಜರ್ಮನಿಯಲ್ಲಿ ಫೀಸು ಇಲ್ಲವಂತೆ, ನಿಜವೇ? ಓದು ಮುಗಿದ ಮೇಲೆ ಕೆಲಸ ಹುಡುಕಲು ಬಿಡುತ್ತಾರೆಯೇ? ಎರಡಕ್ಕೂ ಉತ್ತರ ಸರಳವಾಗಿದೆ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರಿಗೊಮ್ಮೆ ಕಟ್ಟುವ ಸಣ್ಣ ಮೊತ್ತ ಮಾತ್ರ ಇದೆ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯವು 2017ರಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ವಿಧಿಸುತ್ತಿದೆ. ಜರ್ಮನಿಯಲ್ಲಿ ಪದವಿ ಪಡೆದವರಿಗೆ ಕೆಲಸ ಹುಡುಕಲು 18 ತಿಂಗಳ ವಾಸದ ಪರವಾನಗಿ ಸಿಗುತ್ತದೆ. ಭಾರತದ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ 2022ರ ನವೆಂಬರಿನಿಂದ ಕಡ್ಡಾಯವಾಗಿದೆ. ಒಂದು ವರ್ಷದ ಖರ್ಚಿಗೆಂದು ತಡೆಹಿಡಿದ ಖಾತೆಯಲ್ಲಿ 11,904 ಯೂರೊ ಇಡಬೇಕು, ಅದರಿಂದ ತಿಂಗಳಿಗೆ 992 ಯೂರೊ ಮಾತ್ರ ತೆಗೆಯಬಹುದು. ಈ ಮೊತ್ತ 2024ರ ಸೆಪ್ಟೆಂಬರಿನಿಂದ ನಿಗದಿಯಾಗಿದ್ದು ಕಾಲಕಾಲಕ್ಕೆ ಏರುತ್ತದೆ; ವೀಸಾ ಅರ್ಜಿಯ ಹೊತ್ತಿಗೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನ ಪ್ರಕಟಣೆಯನ್ನು ಒಮ್ಮೆ ನೋಡಿಕೊಳ್ಳಬೇಕು.

ಇಷ್ಟನ್ನು ಏಜೆಂಟರೂ ಹೇಳುತ್ತಾರೆ. ಯಾರೂ ಕೇಳದ, ಹಾಗಾಗಿ ಯಾರೂ ಹೇಳದ ವಿಷಯವೆಂದರೆ ವಿಮಾನ ಇಳಿದ ಮೇಲಿನ ಮೊದಲ ಎರಡು ತಿಂಗಳು. ಜರ್ಮನಿಯ ವ್ಯವಸ್ಥೆಯಲ್ಲಿ ಒಂದು ಕಾಗದಕ್ಕೆ ಇನ್ನೊಂದು ಕಾಗದ ಆಧಾರ, ಆ ಇನ್ನೊಂದಕ್ಕೆ ಮತ್ತೊಂದು. ಅದರ ಕ್ರಮ ತಿಳಿದವನಿಗೆ ಎಲ್ಲವೂ ಸಲೀಸು. ತಿಳಿಯದವನು ಎಷ್ಟೇ ಬುದ್ಧಿವಂತನಾಗಿದ್ದರೂ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ.

ಎಲ್ಲದರ ಬುಡದಲ್ಲಿರುವುದು ವಿಳಾಸದ ನೋಂದಣಿ, ಜರ್ಮನ್ನರ ಬಾಯಲ್ಲಿ ‘ಆನ್‌ಮೆಲ್ಡುಂಗ್’. ಮನೆಗೆ ಹೊಕ್ಕ ಎರಡು ವಾರದೊಳಗೆ ಊರಿನ ನಾಗರಿಕ ಕಚೇರಿಗೆ ಹೋಗಿ, ಇಂಥ ಬೀದಿಯ ಇಂಥ ಮನೆಯಲ್ಲಿ ವಾಸವಾಗಿದ್ದೇನೆ ಎಂದು ದಾಖಲಿಸುವುದು ಕಾನೂನು. ಬಾಡಿಗೆ ಕರಾರೊಂದೇ ಸಾಲದು. ಮನೆಯ ಮಾಲೀಕರು ತಾವು ಮನೆ ಕೊಟ್ಟಿರುವುದಾಗಿ ಸಹಿ ಮಾಡಿದ ಪ್ರತ್ಯೇಕ ನಮೂನೆ ಬೇಕು. ಈ ಸಹಿ ಕೊಡಲು ಒಪ್ಪದ ಕಡೆ ತಾತ್ಕಾಲಿಕ ಕೋಣೆ ಹಿಡಿದು ಎಷ್ಟೋ ಹುಡುಗರು ಸಿಕ್ಕಿಹಾಕಿಕೊಳ್ಳುತ್ತಾರೆ. ಆದ್ದರಿಂದ ಮುಂಗಡ ಕೊಡುವ ಮೊದಲೇ, ಇಲ್ಲಿ ನೋಂದಣಿ ಮಾಡಿಕೊಳ್ಳಬಹುದೇ ಎಂದು ಬರಹದಲ್ಲಿ ಕೇಳಿ ಉತ್ತರ ಪಡೆದುಕೊಳ್ಳಿ. ನೋಂದಣಿಯ ನಮೂನೆಯಲ್ಲಿ ಧರ್ಮವನ್ನು ಕೇಳುವ ಒಂದು ಸಾಲು ಇರುತ್ತದೆ. ಅದು ಗಣತಿಗಲ್ಲ, ಚರ್ಚಿನ ತೆರಿಗೆಗೆ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟಂಟ್ ಎಂದು ಬರೆಸಿದವರ ಆದಾಯ ತೆರಿಗೆಯ ಮೇಲೆ ಶೇಕಡಾ 8 ಅಥವಾ 9ರಷ್ಟು ಹೆಚ್ಚುವರಿಯಾಗಿ ಕಡಿತವಾಗುತ್ತದೆ. ನಮ್ಮ ಕಡೆಯ ಕ್ರೈಸ್ತ ಕುಟುಂಬಗಳ ಮಕ್ಕಳು ಇದನ್ನು ತಿಳಿದೇ ತುಂಬಬೇಕು.

ಇಲ್ಲಿ ನಮ್ಮ ಹೆಸರುಗಳ ವಿಷಯ ಹೇಳಲೇಬೇಕು. ದಾವಣಗೆರೆ, ಚಿತ್ರದುರ್ಗದ ಕಡೆ ಹೆಸರಿನ ಹಿಂದೆ ಊರಿನದೊಂದು, ತಂದೆಯದೊಂದು ಇನಿಷಿಯಲ್ ಇಡುವುದು ವಾಡಿಕೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯುವಾಗ ತಂದೆಯ ಹೆಸರೋ ಊರಿನ ಹೆಸರೋ ಸರ್‌ನೇಮಿನ ಜಾಗದಲ್ಲಿ ಕೂರುತ್ತದೆ, ಕೆಲವರದಲ್ಲಿ ಆ ಜಾಗ ಖಾಲಿಯೇ ಇರುತ್ತದೆ. ಜರ್ಮನಿಯಲ್ಲಿ ಕಚೇರಿ, ಬ್ಯಾಂಕು, ವೈದ್ಯರು ಎಲ್ಲರೂ ಕರೆಯುವುದು ಕುಟುಂಬದ ಹೆಸರಿನಿಂದಲೇ. ಹಾಗಾಗಿ ಮಗಳನ್ನು ‘ಫ್ರೌ (ಶ್ರೀಮತಿ) ಬಸವರಾಜಪ್ಪ’ ಎಂದೋ ಮಗನನ್ನು ‘ಹೆರ್ (ಶ್ರೀ) ಹೊಳಲ್ಕೆರೆ’ ಎಂದೋ ಕರೆಯುತ್ತಾರೆ; ಅದಕ್ಕೆ ಮುಜುಗರಪಡಬೇಕಿಲ್ಲ. ಆದರೆ ಅಂಕಪಟ್ಟಿಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು ಬಗೆಯಲ್ಲಿ ಹೆಸರಿದ್ದರೆ ಪ್ರತಿಯೊಂದು ಮೇಜಿನಲ್ಲೂ ವಿವರಣೆ ಕೊಡಬೇಕಾಗುತ್ತದೆ. ಊರು ಬಿಡುವ ಮೊದಲೇ ಪಾಸ್‌ಪೋರ್ಟ್ ಸರಿಪಡಿಸಿಕೊಳ್ಳುವುದು ಮೇಲು.

ನೋಂದಣಿಯಾದ ಕೆಲವು ವಾರಕ್ಕೆ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅಂಚೆಯಲ್ಲಿ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ನಮ್ಮ ದಾವಣಗೆರೆಯಲ್ಲಿ ಪೋಸ್ಟ್‌ಮ್ಯಾನ್ ಮನೆಯ ನಂಬರಿಲ್ಲದಿದ್ದರೂ ತಂದೆಯ ಹೆಸರು ಕೇಳಿ, ಎದುರು ಮನೆಯವರನ್ನು ವಿಚಾರಿಸಿ ಕಾಗದ ಮುಟ್ಟಿಸುತ್ತಾನೆ. ಜರ್ಮನಿಯ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಬಾಗಿಲಿಗೆ ನಂಬರೇ ಇರುವುದಿಲ್ಲ. ಅಂಚೆಪೆಟ್ಟಿಗೆಯ ಮೇಲೆ ಅಂಟಿಸಿದ ಹೆಸರೇ ವಿಳಾಸದ ಕೊನೆಯ ಸಾಲು. ನಾನು ಹೋದ ಮೊದಲ ತಿಂಗಳು ಪೆಟ್ಟಿಗೆಯ ಮೇಲೆ ಹಿಂದಿನ ಬಾಡಿಗೆದಾರನ ಹೆಸರೇ ಇತ್ತು, ಬದಲಿಸಬೇಕೆಂದು ನನಗೆ ಹೊಳೆಯಲಿಲ್ಲ. ತೆರಿಗೆ ಸಂಖ್ಯೆಯ ಕಾಗದ, ವಿಮೆಯ ಕಾರ್ಡು, ಬ್ಯಾಂಕಿನ ಪಿನ್ ಮೂರೂ ಹಿಂದಕ್ಕೆ ಹೋದವು. ತೆರಿಗೆ ಸಂಖ್ಯೆ ಇಲ್ಲದ ಕಾರಣ ನನ್ನ ಮೊದಲ ಸಂಬಳಕ್ಕೆ ಅತಿ ಹೆಚ್ಚು ಕಡಿತವಿರುವ ಆರನೆಯ ತೆರಿಗೆ ವರ್ಗ ಅನ್ವಯವಾಯಿತು. ಹಣ ಆಮೇಲೆ ಮರಳಿ ಬಂದಿತು, ನಿಜ. ಆದರೆ ಆ ತಿಂಗಳ ಬಾಡಿಗೆಗೆ ಅಣ್ಣನಿಂದ ದುಡ್ಡು ತರಿಸಿಕೊಳ್ಳಬೇಕಾಯಿತು. ಕೀಲಿಕೈ ಸಿಕ್ಕ ದಿನವೇ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರನ್ನು ಬರೆದು ಪೆಟ್ಟಿಗೆಗೂ ಕರೆಗಂಟೆಗೂ ಅಂಟಿಸಿ.

ಇನ್ನು ಆರೋಗ್ಯ ವಿಮೆ. ಈ ದೇಶ ನನಗೆ ಪ್ರಿಯವಾದದ್ದು ಮುಖ್ಯವಾಗಿ ಇದರಿಂದಲೇ. ದೊಡ್ಡ ಕಾಯಿಲೆ ಬಂದರೆ ಹೊಲವನ್ನೋ ಸೈಟನ್ನೋ ಮಾರಿ ಆಸ್ಪತ್ರೆಯ ಬಿಲ್ಲು ಕಟ್ಟಿದ ಮನೆಗಳನ್ನು ನೋಡಿ ಬೆಳೆದವರು ನಾವು. ಜರ್ಮನಿಯಲ್ಲಿ ಬಿಸ್ಮಾರ್ಕನ ಕಾಲದಲ್ಲಿ, 1883ರಲ್ಲಿ, ಕಾರ್ಮಿಕರಿಗೆ ಕಡ್ಡಾಯ ಆರೋಗ್ಯ ವಿಮೆಯ ಕಾನೂನು ಬಂದಿತು; ಅದೇ ಬೆಳೆದು ಇಂದಿನ ರೂಪಕ್ಕೆ ಬಂದಿದೆ. ಕಾನೂನಿನ ಕೆಳಗಿನ ಸಾರ್ವಜನಿಕ ವಿಮೆಯಲ್ಲಿ ಕಂತು ನಿರ್ಧಾರವಾಗುವುದು ವಯಸ್ಸಿನಿಂದಲ್ಲ, ಕಾಯಿಲೆಯಿಂದಲ್ಲ, ಸಂಬಳದಿಂದ. ಸಂಬಳದ ಶೇಕಡಾ 14.6 ಮೂಲ ಕಂತು, ಅದರ ಮೇಲೆ ಆಯಾ ವಿಮಾ ಸಂಸ್ಥೆಯ ಹೆಚ್ಚುವರಿ ಕಂತು. ಎರಡರಲ್ಲೂ ಅರ್ಧವನ್ನು ಕೆಲಸ ಕೊಟ್ಟವರು ಕಟ್ಟುತ್ತಾರೆ. ದುಡಿಯದ ಹೆಂಡತಿ ಅಥವಾ ಗಂಡ ಮತ್ತು ಮಕ್ಕಳು ಅದೇ ವಿಮೆಯೊಳಗೆ ಹೆಚ್ಚಿನ ಕಂತಿಲ್ಲದೆ ಸೇರುತ್ತಾರೆ. ವಿದ್ಯಾರ್ಥಿಗಳಿಗೆ 30 ವರ್ಷ ತುಂಬುವವರೆಗೆ ರಿಯಾಯಿತಿ ದರವಿದ್ದು, 2025ರಲ್ಲಿ ಅದು ತಿಂಗಳಿಗೆ ಸುಮಾರು 140ರಿಂದ 145 ಯೂರೊ ಇತ್ತು.

ಖಾಸಗಿ ವಿಮೆ ಇದಕ್ಕಿಂತ ಅಗ್ಗವೆಂದು ಹೇಳುವವರು ಮೊದಲ ವಾರದಲ್ಲೇ ಸಿಗುತ್ತಾರೆ. ಕಡಿಮೆ ವಯಸ್ಸಿನ ಒಂಟಿ ಮನುಷ್ಯನಿಗೆ ಅದು ಅಗ್ಗವಾಗಿರಲೂಬಹುದು. ಆದರೆ ಅಲ್ಲಿ ಹೆಂಡತಿಗೊಂದು, ಪ್ರತಿ ಮಗುವಿಗೊಂದು ಬೇರೆ ಬೇರೆ ಕಂತು, ಮತ್ತು ವಯಸ್ಸಾದಂತೆ ಕಂತು ಏರುತ್ತದೆ. ವಿದ್ಯಾರ್ಥಿಯೊಬ್ಬ ಸಾರ್ವಜನಿಕ ವಿಮೆ ಬೇಡವೆಂದು ಬರೆದುಕೊಟ್ಟರೆ ಆ ಓದು ಮುಗಿಯುವವರೆಗೆ ಮರಳಿ ಬರಲಾಗದು. ಸಂಬಳದವರಿಗೆ ಖಾಸಗಿಗೆ ಹೋಗುವ ಆಯ್ಕೆ ಸಿಗುವುದು ವರ್ಷದ ಆದಾಯ ಒಂದು ಮಿತಿ ದಾಟಿದರೆ ಮಾತ್ರ. 2025ರಲ್ಲಿ ಆ ಮಿತಿ 73,800 ಯೂರೊ ಇತ್ತು. ಹೋದ ಮೇಲೆ ಹಿಂದಿರುಗುವ ದಾರಿ ಇಕ್ಕಟ್ಟಾಗಿದೆ, 55 ದಾಟಿದವರಿಗೆ ಬಹುಮಟ್ಟಿಗೆ ಮುಚ್ಚಿಯೇ ಹೋಗುತ್ತದೆ. ಸಂಸಾರ ಕಟ್ಟಿಕೊಂಡು ನೆಲೆಸುವ ಆಸೆ ಇರುವವರು ಸಾರ್ವಜನಿಕ ವಿಮೆಯಲ್ಲೇ ಉಳಿಯುವುದು ಒಳ್ಳೆಯದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಾರ್ಡು ಕೈಗೆ ಬಂದ ಮೇಲೆ ಮಾಡಬೇಕಾದ ಮೊದಲ ಕೆಲಸ ಮನೆಗೆ ಹತ್ತಿರದ ಒಬ್ಬ ಕುಟುಂಬ ವೈದ್ಯರನ್ನು ಗೊತ್ತುಮಾಡಿಕೊಳ್ಳುವುದು. ನಮ್ಮಲ್ಲಿ ಮಂಡಿ ನೋವಿದ್ದರೆ ನೇರವಾಗಿ ಮೂಳೆ ಡಾಕ್ಟರ ಬಳಿ ಹೋಗಿ ಚೀಟಿ ಹಾಕಿಸುತ್ತೇವೆ. ಅಲ್ಲಿ ಸಾಮಾನ್ಯವಾಗಿ ಕುಟುಂಬ ವೈದ್ಯರು ನೋಡಿ, ಅಗತ್ಯ ಕಂಡರೆ ತಜ್ಞರಿಗೆ ಶಿಫಾರಸು ಪತ್ರ ಕೊಡುತ್ತಾರೆ, ತಜ್ಞರ ಸಮಯ ವಾರಗಳಾಚೆಗೂ ಹೋಗುವುದುಂಟು. ಈ ಕಾಯುವಿಕೆ ನಮ್ಮವರಿಗೆ ಬಹಳ ಕಷ್ಟವಾಗುತ್ತದೆ, ನನಗೂ ಆಗಿದೆ. ರಾತ್ರಿ ಜ್ವರ ಏರಿದರೆ, ರಜಾದಿನ ಹೊಟ್ಟೆನೋವು ಬಂದರೆ ವೈದ್ಯರ ಸಹಾಯವಾಣಿ 116117ಕ್ಕೆ ಕರೆ ಮಾಡಿ. ಜೀವಕ್ಕೆ ಅಪಾಯವಿದ್ದರೆ 112. ಔಷಧಿಯ ಬೆಲೆಯ ಶೇಕಡಾ 10ನ್ನು, ಅಂದರೆ ಒಂದು ಔಷಧಿಗೆ ಕನಿಷ್ಠ 5, ಗರಿಷ್ಠ 10 ಯೂರೊ, ನೀವು ಕೊಡುತ್ತೀರಿ. ಆಸ್ಪತ್ರೆಯಲ್ಲಿ ದಿನಕ್ಕೆ 10 ಯೂರೊ, ಅದೂ ವರ್ಷಕ್ಕೆ 28 ದಿನ ಮೀರದಂತೆ. ಕಾಯಿಲೆ ಬಿದ್ದ ನೌಕರನಿಗೆ ಆರು ವಾರ ಪೂರ್ತಿ ಸಂಬಳ ಸಿಗುತ್ತದೆ. ಮೊದಲ ದಿನವೇ ಕಚೇರಿಗೆ ತಿಳಿಸಬೇಕು, ಮೂರು ದಿನ ಮೀರಿದರೆ ವೈದ್ಯರ ಪ್ರಮಾಣಪತ್ರ ಬೇಕು. ಜ್ವರದಲ್ಲೇ ಕೆಲಸಕ್ಕೆ ಹೋಗುವುದನ್ನು ಅಲ್ಲಿ ಯಾರೂ ಮೆಚ್ಚುವುದಿಲ್ಲ.

ಬಾಡಿಗೆಯ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಜಾಹೀರಾತಿನ ‘ಕಾಲ್ಟ್’ ಬಾಡಿಗೆಯಲ್ಲಿ ಹೀಟರು, ನೀರು, ಕಸದ ಖರ್ಚು ಸೇರಿರುವುದಿಲ್ಲ; ‘ವಾರ್ಮ್’ ಎಂಬುದು ಅವು ಸೇರಿದ ಮೊತ್ತ. ಅಡ್ವಾನ್ಸು ಮೂರು ತಿಂಗಳ ‘ಕಾಲ್ಟ್’ ಬಾಡಿಗೆಯನ್ನು ಮೀರುವಂತಿಲ್ಲ, ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರನಿಗಿದೆ. ಟಿವಿ ಇರಲಿ ಇಲ್ಲದಿರಲಿ ಪ್ರತಿ ಮನೆಗೂ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕ ಉಂಟು. ಅದರ ಕಾಗದ ಬಂದಾಗ ಮೋಸವೆಂದು ಬಿಸಾಡಬೇಡಿ, ಒಂದೇ ಮನೆಯಲ್ಲಿರುವ ಗೆಳೆಯರು ಸೇರಿ ಒಂದೇ ಶುಲ್ಕ ಕಟ್ಟಿದರೆ ಸಾಕು.

ನೆಲೆಸುವ ವಿಚಾರ ಬಂದಾಗ ಭಾಷೆಯೇ ನಿರ್ಣಾಯಕ. ಬ್ಲೂ ಕಾರ್ಡ್ (ಪದವೀಧರ ನೌಕರರಿಗೆ ಕೊಡುವ ವಾಸದ ಪರವಾನಗಿ) ಇರುವವರಿಗೆ 27 ತಿಂಗಳಲ್ಲಿ ಶಾಶ್ವತ ವಾಸ ಸಿಗುತ್ತದೆ. ಬಿ1 ಎಂಬ ನಡುಮಟ್ಟದ ಜರ್ಮನ್ ಇದ್ದರೆ 21 ತಿಂಗಳು ಸಾಕು. 2024ರ ಜೂನ್ 27ರಿಂದ ಪೌರತ್ವಕ್ಕೆ ಐದು ವರ್ಷದ ವಾಸ ಸಾಕಾಗಿದೆ, ಹಳೆಯ ಪೌರತ್ವ ಬಿಡಬೇಕೆಂದು ಜರ್ಮನಿ ಈಗ ಕೇಳುವುದಿಲ್ಲ. ಆದರೆ ಭಾರತದ ಕಾನೂನು ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಜರ್ಮನ್ ಪಾಸ್‌ಪೋರ್ಟ್ ಪಡೆದವರು ಭಾರತದ್ದನ್ನು ಒಪ್ಪಿಸಬೇಕು; ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ಒಸಿಐ ಕಾರ್ಡು ಮಾಡಿಸಿಕೊಳ್ಳಬಹುದು, ಆದರೆ ಒಸಿಐ ಇರುವವರು ಹೊಸದಾಗಿ ಕೃಷಿ ಭೂಮಿ ಕೊಳ್ಳುವಂತಿಲ್ಲ. ಹಿರಿಯರ ಅಡಿಕೆ ತೋಟ ಪಾಲಿಗೆ ಬರುವುದಕ್ಕೆ ಇದರಿಂದ ಅಡ್ಡಿಯಿಲ್ಲದಿದ್ದರೂ, ಈ ಮಾತನ್ನು ಅರ್ಜಿ ಹಾಕುವ ಮೊದಲೇ ಮನೆಯಲ್ಲಿ ಕೂತು ಮಾತನಾಡಿಕೊಳ್ಳಬೇಕು.

ಕೊನೆಯದಾಗಿ ತಂದೆ ತಾಯಿಯನ್ನು ಕರೆಸಿಕೊಳ್ಳುವವರಿಗೆ. ಭೇಟಿಯ ವೀಸಾದಲ್ಲಿ 180 ದಿನಗಳೊಳಗೆ 90 ದಿನ ಇರಬಹುದು. ಅವರು ನಿಮ್ಮ ಸಾರ್ವಜನಿಕ ವಿಮೆಯೊಳಗೆ ಸೇರಲಾರರು. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇರೆ ಮಾಡಿಸಬೇಕು, ಅದು ಮೊದಲೇ ಇರುವ ಬಿಪಿ, ಸಕ್ಕರೆ ಕಾಯಿಲೆಗಳ ಖರ್ಚನ್ನು ಸಾಮಾನ್ಯವಾಗಿ ಭರಿಸುವುದಿಲ್ಲ. ಭಾರತದ ಡಾಕ್ಟರ ಚೀಟಿಗೆ ಅಲ್ಲಿಯ ಔಷಧಿ ಅಂಗಡಿಯವರು ಮಾತ್ರೆ ಕೊಡುವುದಿಲ್ಲ. ನನ್ನ ತಾಯಿ ಬಂದಾಗ ಮೂರು ತಿಂಗಳ ಮಾತ್ರೆಗಳನ್ನು ದಾವಣಗೆರೆಯಲ್ಲೇ ಕೊಂಡು, ಬೆಳಿಗ್ಗೆ ರಾತ್ರಿ ಎಂದು ಎರಡು ಬಟ್ಟೆ ಚೀಲದಲ್ಲಿ ಬೇರೆ ಬೇರೆ ಕಟ್ಟಿ, ಕೈಚೀಲದಲ್ಲೇ ತಂದರು. ಜೊತೆಗೆ ಡಾಕ್ಟರಿಂದ ಒಂದು ಹಾಳೆ ಬರೆಸಿದ್ದೆವು. ಅದರಲ್ಲಿ ಕಂಪನಿ ಇಟ್ಟ ಹೆಸರುಗಳ ಬದಲು ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್ ಎಂದು ಔಷಧಿಯ ಮೂಲ ಹೆಸರು, ಎಷ್ಟು ಮಿಲಿಗ್ರಾಂ ಎಂಬುದೂ ಇತ್ತು. ಒಂದು ರಾತ್ರಿ ಅವರಿಗೆ ತಲೆಸುತ್ತು ಬಂದು ಆಸ್ಪತ್ರೆಗೆ ಕರೆದೊಯ್ದಾಗ ಅಲ್ಲಿನ ವೈದ್ಯೆ ಆ ಹಾಳೆಯನ್ನು ಓದಿ, ನಮ್ಮನ್ನು ಬೇರೇನೂ ಕೇಳದೆ ಚಿಕಿತ್ಸೆ ಆರಂಭಿಸಿದರು. ಅಂಥ ಹಾಳೆಯ ಎರಡು ಪ್ರತಿ ಮಾಡಿಸಿ, ಒಂದನ್ನು ತಾಯಿಯ ಕೈಚೀಲದಲ್ಲೂ ಒಂದನ್ನು ನಿಮ್ಮ ಬಳಿಯೂ ಇಟ್ಟುಕೊಳ್ಳಿ.